ಶಾಲೆ ಮಕ್ಕಳಿಗೆ ಶಾಸ್ತ್ರೀಯ ಸಂಗೀತ: ಒಂದು ದಿನದ ಕಮ್ಮಟವೋ, ವಾರಕ್ಕೊಂದು ತರಗತಿಯೋ?

ದಾವಣಗೆರೆಯ ನಿಮ್ಮ ಶಾಲೆಗೆ ಯಾವುದು ಹೊಂದುತ್ತದೆ ಅಂತ ಕೇಳಿದ್ದೀರಿ, ಮೇಡಂ. ಖರ್ಚು ನೋಡಿದರೆ ಒಂದು ದಿನದ ಕಮ್ಮಟ ಹಗುರ. ಗಾಯಕರಿಗೂ ತಬಲಾದವರಿಗೂ ಒಮ್ಮೆ ಸಂಭಾವನೆ ಕೊಟ್ಟರೆ ಮುಗಿಯಿತು. ವಾರದ ತರಗತಿಗೆ ವರ್ಷಪೂರ್ತಿ ದುಡ್ಡು ಬೇಕು, ಒಂದು ಪೀರಿಯಡ್ಡೂ ಬೇಕು.

ಆದರೆ ಮಕ್ಕಳ ಕಿವಿಯಲ್ಲಿ ಏನು ಉಳಿಯುತ್ತದೆ ಅನ್ನೋದೇ ನನಗೆ ಮುಖ್ಯ. ತಂಬೂರಿ ನಾದವನ್ನು ಹತ್ತಿರ ಕೂತು ಕೇಳಿದರೆ ಒಂದೇ ದಿನದಲ್ಲಿ ಬೆರಗು ಹುಟ್ಟುತ್ತದೆ. ಶ್ರುತಿ, ಅಂದರೆ ಆಧಾರ ಸ್ವರಕ್ಕೆ ದನಿ ಸರಿಯಾಗಿ ಸೇರುವುದು, ಮಾತ್ರ ಅಷ್ಟು ಬೇಗ ಕೂರುವುದಿಲ್ಲ. ವಾರವಾರ ಹಾಡಲೇಬೇಕು. ಆಗ ಆಟಕ್ಕೂ ಜಾಗ ಜಾಸ್ತಿ. ಹಾರ್ಮೋನಿಯಂನ ಬಿಳಿ ಮನೆಗಳಲ್ಲೇ (ಕೀಗಳಲ್ಲೇ) ಸಿಗುವ ಸ ರಿ ಗ ಪ ದ, ಈ ಐದು ಸ್ವರ ಕೊಟ್ಟು, ವಚನದ ಒಂದು ಸಾಲಿಗೆ ಮಕ್ಕಳೇ ಧಾಟಿ ಕಟ್ಟಲಿ. ಈ ಐದು ಸ್ವರಗಳಲ್ಲೇ ಹಿಂದೂಸ್ತಾನಿಯ ಭೂಪ್ ರಾಗ ಇದೆ, ಕರ್ನಾಟಕ ಸಂಗೀತದ ಮೋಹನ ರಾಗವೂ ಇದೆ. ಎರಡೂ ಪದ್ಧತಿ ಕೇಳುವ ನಮ್ಮ ಊರಿಗೆ ಚೆಂದ ಅಲ್ವಾ?

ಮುನ್ನೂರು ಮಕ್ಕಳಿದ್ದು, ಹಾಡಬಲ್ಲ ಟೀಚರ್ ಯಾರೂ ಇಲ್ಲದಿದ್ದರೆ ಒಂದು ದಿನದ್ದೇ ಸರಿ. ಇಪ್ಪತ್ತೈದು ಆಸಕ್ತ ಮಕ್ಕಳಿದ್ದು, ನಡುವೆ ಅಭ್ಯಾಸ ಮಾಡಿಸುವವರು ಒಬ್ಬರು ಸಿಕ್ಕರೆ ವಾರದ ತರಗತಿ ಇಡಿ. ಅದನ್ನು ಜೂನ್‌ನಲ್ಲೇ ಶುರು ಮಾಡಿ, ಪರೀಕ್ಷೆ ಹತ್ತಿರ ಬಂದಾಗ ಬೇಡ.