ಅಮೆರಿಕದ ಮಿಕ್ಸರಿಗೆ ನಮ್ಮೂರ ಕರೆಂಟು: ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿದ ಮೇಲೆ

ಅಣ್ಣ-ವೈನಿ ಅಮೆರಿಕದಿಂದ ಬೆಳಗಾವಿಗೆ ವಾಪಸ್ ಬಂದಾಗ ಹಿಟ್ಟು ನಾದುವ ಸ್ಟ್ಯಾಂಡ್ ಮಿಕ್ಸರ್, ಹೊಲಿಗೆ ಮಷೀನು, ಕೆಟಲ್, ಮೈಕ್ರೋವೇವ್ ಎಲ್ಲ ಹೊತ್ತು ತಂದರು. ಎಲ್ಲವೂ 120 ವೋಲ್ಟ್, 60 ಹರ್ಟ್ಜ್‌ದು (ಹರ್ಟ್ಜ್ ಅಂದರೆ ಕರೆಂಟು ಸೆಕೆಂಡಿಗೆ ಎಷ್ಟು ಸಲ ಹಿಂದೆ-ಮುಂದೆ ಹರಿಯುತ್ತದೆ ಅನ್ನೋ ಲೆಕ್ಕ). ನಮ್ಮದು 230 ವೋಲ್ಟ್, 50 ಹರ್ಟ್ಜ್. ಹಾಗಾಗಿ 230ನ್ನು 110ರ ಹತ್ತಿರಕ್ಕೆ ಇಳಿಸುವ 1,500 ವಿಎ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಗೊಂಡೆವು (ವಿಎ ಅಂದರೆ ಅದು ಎಷ್ಟು ಹೊರೆ ಹೊರಬಲ್ಲದು ಅನ್ನೋ ಅಳತೆ, ಹೆಚ್ಚುಕಮ್ಮಿ ವ್ಯಾಟ್ ಇದ್ದ ಹಾಗೆ). ಟಿಳಕವಾಡಿಯ ಮನೆಯಲ್ಲಿ ಕೆಲವು ವರ್ಷಗಳಿಂದ ನಡೀತಾ ಇದೆ. ಮಿಕ್ಸರಿಗೂ ಹೊಲಿಗೆ ಮಷೀನಿಗೂ ಇದಕ್ಕೆ ಪೂರ್ತಿ ಅಂಕ ಕೊಡ್ತೀನಿ. ಬಿಸಿ ಮಾಡುವ ಸಾಮಾನಿಗೆ ಮಾತ್ರ ಇದರ ಗೊಡವೆ ಬೇಡ.

ಮಿಕ್ಸರಿನ ಮೇಲೆ ಬರೆದಿರುವುದು 325 ವ್ಯಾಟ್. "500ರದ್ದು ಸಾಕ್ರೀ" ಅಂದಿದ್ದರು ಅಂಗಡಿಯವರು. ನಾವು ಒಪ್ಪಲಿಲ್ಲ. ಮೋಟರ್ ಶುರುವಾಗುವಾಗ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಿಟ್ಟು ಗಟ್ಟಿಯಾದರೆ ಮತ್ತೂ ಜಾಸ್ತಿ. ಮಂಡಿಗೆಯ ಕಣಕ ಎಷ್ಟು ನಾದಿದರೂ ಸಾಲದು ಅಲ್ವಾ? ಹಬ್ಬದ ಹಿಂದಿನ ದಿನ ವೈನಿ ಒಂದರ ಹಿಂದೆ ಒಂದು ಕಣಕ ಹಾಕ್ತಾರೆ. ಕೊಕ್ಕೆಗೆ ಸುತ್ತಿಕೊಂಡ ಹಿಟ್ಟು ಪಾತ್ರೆಯ ಗೋಡೆಗೆ ದಪ್ ದಪ್ ಬಡಿಯುವಾಗಲೂ ಮೋಟರ್ ಸೊರಗುವುದಿಲ್ಲ. ಆಗ ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿದರೆ ಉಗುರು ಬೆಚ್ಚಗೆ, ಅಷ್ಟೇ.

ಕೊಳ್ಳುವಾಗ ತಾಮ್ರದ ತಂತಿಯ ಡಬಲ್ ವೈಂಡಿಂಗ್‌ದೇ ಕೇಳಿ, ಅಂದರೆ ಒಳಬರುವ ಕಡೆಗೂ ಹೊರಹೋಗುವ ಕಡೆಗೂ ಬೇರೆಬೇರೆ ಸುರುಳಿ ಇರುವುದು. ಅಗ್ಗದ ಆಟೋ ಟ್ರಾನ್ಸ್‌ಫಾರ್ಮರಿನಲ್ಲಿ ಒಳಬರುವ ಲೈನಿಗೂ ಹೊರಹೋಗುವ ಲೈನಿಗೂ ಒಂದು ತಂತಿ ನೇರ ಸೇರಿರುತ್ತದೆ. ಹಳೆ ಮನೆಗಳಲ್ಲಿ ಸಾಕೆಟ್ಟಿನ ಫೇಸ್-ನ್ಯೂಟ್ರಲ್ ಅದಲು ಬದಲಾಗಿರುವುದು ಅಪರೂಪವೇನಲ್ಲ. ಹಾಗಾದರೆ 110ರ ಕಡೆಯ ತಂತಿ ಮುಟ್ಟಿದರೂ 230ರ ಹೊಡೆತ ಬೀಳಬಹುದು. ಡಬಲ್ ವೈಂಡಿಂಗ್‌ದು ದುಬಾರಿ, ಒಬ್ಬರೇ ಎತ್ತಿಡುವುದು ಕಷ್ಟ. ಆದರೂ ಅದೇ ಸರಿ.

ತೊಂದರೆ ಕೊಟ್ಟಿದ್ದು ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಸ್ವಿಚ್ ಹಾಕಿದ ಕ್ಷಣ ಟ್ರಾನ್ಸ್‌ಫಾರ್ಮರ್ 'ಡುಂ' ಅಂದು ಒಮ್ಮೆಲೇ ಕರೆಂಟ್ ಎಳೆಯುತ್ತದೆ. ಆಗಾಗ ಅಡುಗೆಮನೆಯ ಎಂಸಿಬಿ ಬಿದ್ದೇ ಬಿಡುತ್ತಿತ್ತು. ಎಲೆಕ್ಟ್ರಿಷಿಯನ್ ಬಂದು ಬಿ-ಕರ್ವ್ ಮಾದರಿಯದನ್ನು ತೆಗೆದು, ಇಂಥ ಕ್ಷಣದ ಎಳೆತವನ್ನು ಜಾಸ್ತಿ ತಾಳುವ, ಅಷ್ಟೇ ಆಂಪಿಯರಿನ ಸಿ-ಕರ್ವ್ ಹಾಕಿದರು, ಮತ್ತೆ ಬಿದ್ದಿಲ್ಲ. ಇನ್ನೊಂದು ವಿಷಯ, ಇದು ಸ್ಟೆಬಿಲೈಸರ್ ಅಲ್ಲ. ಮಳೆಗಾಲದ ಸಂಜೆ ಲೈನ್ 200ಕ್ಕೆ ಇಳಿದರೆ ಈ ಕಡೆ 96ರ ಹತ್ತಿರ ಬರುತ್ತದೆ. ಹೊಲಿಗೆ ಮಷೀನು ನಿಧಾನ ಆಗುತ್ತದೆ. ಅಂಥ ಹೊತ್ತಲ್ಲಿ ವೈನಿ ದಪ್ಪ ಬಟ್ಟೆ ಮುಟ್ಟುವುದಿಲ್ಲ.

ವೋಲ್ಟೇಜ್ ಇಳಿಸಿದರೂ 50 ಹರ್ಟ್ಜ್ 50 ಆಗಿಯೇ ಉಳಿಯುತ್ತದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಕಾರ್ಬನ್ ಬ್ರಷ್ ಇರುವ ಮೋಟರಿಗೆ ಇದರಿಂದ ಏನೂ ಆಗಲ್ಲ. ನಮ್ಮ ಮಿಕ್ಸರ್, ಹೊಲಿಗೆ ಮಷೀನು ಎರಡೂ ಅಂಥವೇ. ಫ್ಯಾನಿನಂಥ ಇಂಡಕ್ಷನ್ ಮೋಟರ್ ಮಾತ್ರ ಆರರಲ್ಲಿ ಒಂದು ಪಾಲು ನಿಧಾನ ತಿರುಗುತ್ತದೆ, ಬಿಸಿಯೂ ಆಗುತ್ತದೆ. ಲೈನಿನ ಹರ್ಟ್ಜ್ ಎಣಿಸುವ ಗಡಿಯಾರ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ಒಳಗೆ ದಪ್ಪ ಟ್ರಾನ್ಸ್‌ಫಾರ್ಮರ್ ಇರುವ ಹಳೆ ಮಾದರಿ ಮೈಕ್ರೋವೇವ್ 50ರಲ್ಲಿ ಅತಿಯಾಗಿ ಕಾಯುತ್ತದೆ. ನಮ್ಮದೂ ಅದೇ ಮಾದರಿ, ಅದಕ್ಕೇ ಬಳಸಲಿಲ್ಲ.

ಕೆಟಲ್ 1,500 ವ್ಯಾಟಿನದು, ನಮ್ಮ ಟ್ರಾನ್ಸ್‌ಫಾರ್ಮರಿನ ಮಿತಿಯಷ್ಟೇ, ಸ್ವಲ್ಪವೂ ಮಿಗುವುದಿಲ್ಲ. ಅದಕ್ಕೋಸ್ಕರ ಇನ್ನೂ ದೊಡ್ಡ ಟ್ರಾನ್ಸ್‌ಫಾರ್ಮರ್ ಕೊಳ್ಳುವ ದುಡ್ಡಲ್ಲಿ ಇಲ್ಲಿಯದೇ ಹೊಸ ಕೆಟಲ್ ಬಂದು ದುಡ್ಡೂ ಮಿಗುತ್ತದೆ. ನೇರವಾಗಿ 230ಕ್ಕೆ ಹಾಕುವ ಯೋಚನೆಯೂ ಬೇಡ. ವೋಲ್ಟೇಜ್ ಹೆಚ್ಚುಕಮ್ಮಿ ದುಪ್ಪಟ್ಟಾದರೆ ಕಾಯಿಲ್ ಮೇಲಿನ ಶಾಖ ಮೂರೂವರೆ ಪಟ್ಟು ದಾಟುತ್ತದೆ.

ಫೋನ್, ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ 100–240 ಅಂತ ಬರೆದಿದ್ದರೆ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ, ಪಿನ್ ಬದಲಿಸುವ ಅಡಾಪ್ಟರ್ ಸಾಕು. ಟ್ರಾನ್ಸ್‌ಫಾರ್ಮರನ್ನು ಕೆಲಸ ಮುಗಿದ ಕೂಡಲೇ ಗೋಡೆಯ ಸ್ವಿಚ್ಚಿನಲ್ಲೇ ಆರಿಸಿ. ಸುಮ್ನೆ ಬಿಟ್ಟರೂ ಒಳಗೊಳಗೇ ಗುಂಯ್‌ಗುಡುತ್ತಾ ಕರೆಂಟ್ ತಿನ್ನುತ್ತದೆ.