ಇ-ಟಾಯ್ಲೆಟ್: ಯಂತ್ರ ಚೆನ್ನಾಗಿದೆ, ನೋಡಿಕೊಳ್ಳುವವರು ಬೇಕು

ಬೆಂಗಳೂರಿನ ರಸ್ತೆಬದಿಯ ಸ್ಟೀಲ್ ಇ-ಟಾಯ್ಲೆಟ್‌ನ ವಿನ್ಯಾಸ ನಿಜಕ್ಕೂ ಒಳ್ಳೆಯದು. ಹಸಿರು ದೀಪ ಇದ್ದರೆ ಖಾಲಿ, ಕೆಂಪಾದರೆ ಒಳಗೆ ಯಾರೋ ಇದ್ದಾರೆ. ನಾಣ್ಯ ಹಾಕಿದರೆ ಬಾಗಿಲು ತೆರೆಯುತ್ತದೆ. ಮೂರು ನಿಮಿಷದೊಳಗೆ ಹೊರಬಂದರೆ 1.5 ಲೀಟರ್, ಹೆಚ್ಚು ಹೊತ್ತಾದರೆ 4.5 ಲೀಟರ್ ನೀರಿನಲ್ಲಿ ತಾನೇ ಫ್ಲಶ್ ಆಗುತ್ತದೆ. ಐದೋ ಹತ್ತೋ ಜನ ಬಳಸಿದ ಮೇಲೆ ನೆಲವನ್ನೂ ತೊಳೆಯುತ್ತದೆ.

ಕೆಡುವುದು ಮೊದಲು ನಾಣ್ಯದ ಕಿಂಡಿ. ಬಗ್ಗಿದ ನಾಣ್ಯವೊಂದು ಸಿಕ್ಕಿಕೊಂಡರೆ ಸಾಕು, ಬಾಗಿಲು ಬಂದ್. ಅಲ್ಲದೆ ಈ ಯುಪಿಐ ಕಾಲದಲ್ಲಿ ಚಿಲ್ಲರೆ ಯಾರ ಹತ್ತಿರ ಇರುತ್ತದೆ? ನೀರಿನ ಟ್ಯಾಂಕ್ ಖಾಲಿಯಾದರೆ ತಾನೇ ಫ್ಲಶ್ ಮಾಡಿಸುವ ಸೆನ್ಸರ್ ಇದ್ದೂ ಪ್ರಯೋಜನವಿಲ್ಲ. ಬಳಸಿದ ಸ್ಯಾನಿಟರಿ ಪ್ಯಾಡ್ ಹಾಕಲು ಡಬ್ಬಿ ಇಲ್ಲದ ಕಡೆ ಪ್ಯಾಡ್ ಕಮೋಡಿಗೇ ಬೀಳುತ್ತದೆ. ನೀರು ಕುಡಿದು ಉಬ್ಬಿ ಪೈಪಿನ ಬಾಗಿನಲ್ಲಿ ಕೂತರೆ ಎಷ್ಟು ಫ್ಲಶ್ ಮಾಡಿದರೂ ಇಳಿಯದು. ಹೆಂಗಸರಿಗೆ ಇದೇ ದೊಡ್ಡ ಕಷ್ಟ, ಆ ಡಬ್ಬಿಗೆ ತಗಲುವ ಖರ್ಚಾದರೂ ಎಷ್ಟು ಮಹಾ!

ಮಾರುಕಟ್ಟೆ, ಬಸ್ ನಿಲ್ದಾಣದಂಥ ಜನಜಂಗುಳಿಯಲ್ಲಿ ದುಡ್ಡು ತೆಗೆದುಕೊಂಡು ಒಬ್ಬರು ಕಾವಲಿರುವ ಶೌಚಾಲಯವೇ ಮೇಲು. ಫಿನಾಯಿಲ್, ಪೊರಕೆ ಹಿಡಿದು ಗಂಟೆಗೊಮ್ಮೆ ತೊಳೆಯುವವರಿದ್ದರೆ ವಾಸನೆ ಹತ್ತಿರ ಸುಳಿಯದು. ಎಲ್ಲಿಗೇ ಹೋದರೂ, ಕೂರುವ ಮೊದಲು ನಲ್ಲಿ ತಿರುಗಿಸಿ, ಚಿಲಕ ಹಾಕಿ ನೋಡಿಕೊಳ್ಳಿ.