ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಕಿಟ್: ನಾಲ್ಕು ವರ್ಷ, 310 ಗಂಟೆ ಹಾರಿದ ಮೇಲೆ

ಬ್ರೇಕ್ ಕಿಟ್ ಹಾಕಿ ಒಂದು ವಾರಕ್ಕೆ ಐದು ಸ್ಟಾರ್ ಕೊಟ್ಟವರ ವಿಮರ್ಶೆ ಓದಿಯೇ ನಾನೂ ಇದನ್ನು ತರಿಸಿದ್ದು. ಒಂದು ವಾರಕ್ಕೆ ಯಾವ ಬ್ರೇಕಾದರೂ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಇದನ್ನು ಬರೆಯಲು ನಾಲ್ಕು ವರ್ಷ ಕಾದೆ. ಕಂಪನಿಯ ಹೆಸರು ಹೇಳುವುದಿಲ್ಲ, ಏಕೆಂದರೆ ಅನುಭವಿಸಿದ ಕಷ್ಟದಲ್ಲಿ ಅರ್ಧ ಅವರದ್ದು, ಅರ್ಧ ನನ್ನದೇ.

ನನ್ನದು ಎರಡು ಸೀಟಿನ, ರೆಕ್ಕೆ ಕೆಳಗಿರುವ ಕಿಟ್ ವಿಮಾನ. ತುಂಬಿದ ತೂಕ ಸುಮಾರು 600 ಕೆ.ಜಿ., ರೋಟ್ಯಾಕ್ಸ್ 912 ಎಂಜಿನ್. ಮೂತಿಯ ಚಕ್ರ ಟ್ರಾಲಿಯ ಚಕ್ರದಂತೆ ಎತ್ತ ಬೇಕಾದರೂ ತಿರುಗುತ್ತದೆ, ಅದಕ್ಕೆ ಸ್ಟೀರಿಂಗ್ ಇಲ್ಲ. ನೆಲದ ಮೇಲೆ ನಿಧಾನಕ್ಕೆ ಹೋಗುವಾಗ ಎಡಕ್ಕೆ ತಿರುಗಬೇಕೆಂದರೆ ಎಡ ಬ್ರೇಕು, ಬಲಕ್ಕೆಂದರೆ ಬಲ ಬ್ರೇಕು. ಇಂಥ ವಿಮಾನದಲ್ಲಿ ಒಂದು ಬ್ರೇಕು ಕೈಕೊಟ್ಟರೆ ನಿಲ್ಲುವುದೂ ಕಷ್ಟ, ತಿರುಗುವುದೂ ಕಷ್ಟ.

ಪೆಟ್ಟಿಗೆಯಲ್ಲಿ ಬಂದದ್ದು: ನಾಲ್ಕು ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಎಣ್ಣೆಯನ್ನು ದೂಡುವವು, ಇಬ್ಬರ ಪೆಡಲಿಗೂ), ಎರಡು ಕ್ಯಾಲಿಪರ್ (ಆ ಒತ್ತಡಕ್ಕೆ ಪ್ಯಾಡುಗಳಿಂದ ಡಿಸ್ಕನ್ನು ಅಮುಕಿ ಹಿಡಿಯುವವು), ಎರಡು ಉಕ್ಕಿನ ಡಿಸ್ಕ್, ಒಂದು ರಿಸರ್ವಾಯರ್ (ಎಣ್ಣೆಯ ಡಬ್ಬಿ), ನೈಲಾನ್ ಟ್ಯೂಬು, ಒಂದಿಷ್ಟು ಫಿಟ್ಟಿಂಗು, ಜೊತೆಗೆ ಆರು ಪುಟದ ಕೈಪಿಡಿ. ಲೋಹದ ಕೆಲಸಕ್ಕೆ ಹೆಸರಿಡುವಂತಿಲ್ಲ. ಕ್ಯಾಲಿಪರಿನ ಅಂಚು ಬೆರಳಿಗೆ ತಾಗದ ಹಾಗೆ ಉಜ್ಜಿದ್ದಾರೆ. ಡಿಸ್ಕ್ ಓರೆ ಇದೆಯೇ ಎಂದು ಡಯಲ್ ಗೇಜ್ ಇಟ್ಟು ನೋಡಿದೆ, ಮುಳ್ಳು ಹೆಚ್ಚುಕಡಿಮೆ ಅಲ್ಲಾಡಲೇ ಇಲ್ಲ. ಕೈಪಿಡಿ ಮಾತ್ರ ಈಗಾಗಲೇ ನಾಲ್ಕು ವಿಮಾನ ಕಟ್ಟಿದವರಿಗೆ ಬರೆದ ಹಾಗಿದೆ.

ಮೊದಲ ಎಡವಟ್ಟು ಫ್ಲೇರಿನದು, ಅಂದರೆ ಫಿಟ್ಟಿಂಗಿನಲ್ಲಿ ಕೂರಲು ಟ್ಯೂಬಿನ ತುದಿಯನ್ನು ತುತ್ತೂರಿಯಂತೆ ಅಗಲಿಸುವುದು. ಮಾಸ್ಟರ್ ಸಿಲಿಂಡರಿನಿಂದ ಚಕ್ರ ಹೊತ್ತ ಗೇರ್ ಕಾಲಿನವರೆಗೆ ನೈಲಾನ್ ಬೇಡ, ಅಲ್ಯೂಮಿನಿಯಂ ಟ್ಯೂಬು ಹಾಕೋಣ ಎಂದುಕೊಂಡೆ. ಕಾರ್ ಮೆಕ್ಯಾನಿಕ್ ಗೆಳೆಯನಿಂದ ಫ್ಲೇರಿಂಗ್ ಟೂಲ್ ಎರವಲು ತಂದೆ. ಕಾರಿನ ಫ್ಲೇರ್ 45 ಡಿಗ್ರಿ, ವಿಮಾನಕ್ಕೆ ಬಳಸುವ ಎಎನ್ ಮಾದರಿಯ ಫಿಟ್ಟಿಂಗ್ 37 ಡಿಗ್ರಿ. ನೋಡಿದರೆ ಎರಡೂ ಒಂದೇ ಥರ, ಕೈಯಲ್ಲಿ ಬಿಗಿದರೆ ಕೂತುಕೊಂಡಂತೆಯೂ ಅನಿಸುತ್ತದೆ. ಎಣ್ಣೆ ತುಂಬಿ ಪೆಡಲ್ ಒತ್ತಿದ ಮೇಲೆಯೇ ಕೆಂಪು ಹನಿ ಇಣುಕಿದ್ದು. ಸರಿಯಾದ ಟೂಲ್ ತಂದ ಮೇಲೂ ಎರಡು ತುಂಡು ಹಾಳು ಮಾಡಿದೆ. ಫ್ಲೇರ್ ಅಷ್ಟು ಚೆಂದ ಬಂತಲ್ಲ ಎಂದು ಹಿಗ್ಗಿ ನೋಡುತ್ತೇನೆ, ನಟ್ಟು ಮತ್ತು ಸ್ಲೀವ್ ಟೇಬಲ್ಲಿನ ಮೇಲೇ ಕೂತಿವೆ! ಫ್ಲೇರ್ ಆದ ಮೇಲೆ ಅವನ್ನು ಆ ತುದಿಯಿಂದ ಹಾಕುವ ದಾರಿಯೇ ಇಲ್ಲ.

ಸಿಲಿಂಡರು, ಕ್ಯಾಲಿಪರುಗಳ ಪೈಪ್ ಥ್ರೆಡ್ಡಿಗೆ ಸೀಲೆಂಟ್ ಬೇಕು, ಫ್ಲೇರಿಗೆ ಏನನ್ನೂ ಹಚ್ಚಬಾರದು. ಬಿಳಿ ಟೆಫ್ಲಾನ್ ಟೇಪಿನ ಚೂರು ಒಳಗೆ ಹೋಗಿ ಸಣ್ಣ ರಂಧ್ರದಲ್ಲಿ ಸಿಕ್ಕಿಕೊಳ್ಳಬಹುದೆಂಬ ಭಯಕ್ಕೆ ನಾನು ಪೇಸ್ಟನ್ನೇ ಬಳಸಿದೆ, ಅದೂ ಮೊದಲ ಎರಡು ಸುತ್ತು ಬಿಟ್ಟು.

ಎಣ್ಣೆಯ ಬಗ್ಗೆ ಒಂದು ಮಾತು. ಈ ಕಿಟ್ಟಿನ ಓ-ರಿಂಗುಗಳು ನೈಟ್ರೈಲ್ ರಬ್ಬರಿನವು, ಇವಕ್ಕೆ ಕೆಂಪು ಖನಿಜ ಎಣ್ಣೆಯೇ ಆಗಬೇಕು, ಅಂದರೆ ಮಿಲ್-ಎಚ್-5606. ಕಾರಿನ ಡಾಟ್ 3, ಡಾಟ್ 4 ಎಣ್ಣೆ ಗ್ಲೈಕಾಲ್ ಜಾತಿಯದು. ಅದನ್ನು ಹೊಯ್ದರೆ ರಿಂಗುಗಳು ಉಬ್ಬಿ ಮೆತ್ತಗಾಗಿ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಎರಡನೇ ವರ್ಷದಲ್ಲಿ ನಾನು 5606 ಬಿಟ್ಟು 83282ಕ್ಕೆ ಬದಲಾಯಿಸಿದೆ. ಇದು ಸಂಶ್ಲೇಷಿತ ಎಣ್ಣೆ, ಅದೇ ರಿಂಗುಗಳಿಗೆ ಹೊಂದುತ್ತದೆ, ಹಳೆಯದರ ಜೊತೆ ಬೆರೆತರೂ ತೊಂದರೆಯಿಲ್ಲ. 5606ರ ಫ್ಲ್ಯಾಶ್ ಪಾಯಿಂಟಿನ (ಎಣ್ಣೆಯ ಆವಿ ಕಿಡಿ ತಾಗಿದರೆ ಹೊತ್ತಿಕೊಳ್ಳುವ ಉಷ್ಣತೆ) ಕನಿಷ್ಠ ಮಿತಿ 82 ಡಿಗ್ರಿ ಸೆಲ್ಸಿಯಸ್, 83282ರದ್ದು 205. ಕಾದ ಡಿಸ್ಕಿನ ಪಕ್ಕದಲ್ಲೇ ಎಣ್ಣೆಯ ಪೈಪು ಇರುವಾಗ ಈ ವ್ಯತ್ಯಾಸ ಸಣ್ಣದಲ್ಲ. ತೀರಾ ಕೊರೆಯುವ ಚಳಿಯಲ್ಲಿ ಮಾತ್ರ 83282 ದಪ್ಪವಾಗುತ್ತದೆ, ಅಂಥ ಕಡೆ ಹಾರುವವರು ಯೋಚಿಸಬೇಕು.

ಬ್ಲೀಡಿಂಗಿಗೆ ಎರಡು ಸಂಜೆ ಹಾಳಾದವು. ಕಾರಿನಲ್ಲಿ ಮಾಡುವಂತೆ ಮೇಲಿಂದ ಎಣ್ಣೆ ಹಾಕಿ, ಪೆಡಲ್ ಒತ್ತಿ, ಕೆಳಗೆ ಕ್ಯಾಲಿಪರಿನ ನಿಪ್ಪಲ್ (ಎಣ್ಣೆ ಬಿಡುವ ಸಣ್ಣ ತಿರುಪು) ಸಡಿಲಿಸಿ ಗಾಳಿ ತೆಗೆಯಲು ಹೋದೆ. ಪೆಡಲ್ ಒತ್ತಿದರೆ ಒದ್ದೆ ಸ್ಪಂಜು ತುಳಿದ ಹಾಗೆ. ಗಾಳಿಗೆ ಮೇಲೇರುವುದೇ ಸ್ವಭಾವ, ಅದನ್ನು ಕೆಳಕ್ಕೆ ದೂಡಿದರೆ ಎಲ್ಲಿ ಬರುತ್ತದೆ? ಮೂರನೇ ಸಂಜೆ ಎಣ್ಣೆಯ ಪಂಪ್ ಡಬ್ಬಿಗೆ ಪಾರದರ್ಶಕ ಟ್ಯೂಬು ಸಿಕ್ಕಿಸಿ ಕ್ಯಾಲಿಪರಿನ ಕೆಳ ನಿಪ್ಪಲಿನಿಂದ ಮೇಲಕ್ಕೆ ಒತ್ತಿದೆ. ಕಾಕ್‌ಪಿಟ್ಟಿನಲ್ಲಿ ಟಾರ್ಚ್ ಹಿಡಿದು ರಿಸರ್ವಾಯರ್ ನೋಡುತ್ತಿದ್ದ ಮಗಳು, "ಗುಳ್ಳೆ ಬರ್ತಿದೆ ಅಪ್ಪಾ... ಇನ್ನೂ ಬರ್ತಿದೆ... ನಿಲ್ಸಿ ನಿಲ್ಸಿ, ತುಂಬ್ಹೋಯ್ತು!" ಎಂದು ಕೂಗುವಷ್ಟರಲ್ಲಿ ಅವಳ ತೋಳಿನವರೆಗೂ ಕೆಂಪು. ಆದರೂ ಎಡ ಪೆಡಲಿನಲ್ಲಿ ಸ್ವಲ್ಪ ಮೆತ್ತು ಉಳಿಯಿತು. ಎಣ್ಣೆ ರಿಸರ್ವಾಯರಿನಿಂದ ಮೊದಲು ಪ್ರಯಾಣಿಕನ ಸಿಲಿಂಡರಿಗೆ, ಅಲ್ಲಿಂದ ಪೈಲಟ್ಟಿನ ಸಿಲಿಂಡರಿಗೆ, ಆಮೇಲೆ ಚಕ್ರಕ್ಕೆ ಹೋಗುವ ಏರ್ಪಾಡು ಇದು. ಪ್ರಯಾಣಿಕನ ಸಿಲಿಂಡರ್ ವಾಲಿ ಕೂತಿದ್ದರಿಂದ ಅದರ ಮೂಲೆಯಲ್ಲಿ ಗುಳ್ಳೆಯೊಂದು ಅಡಗಿತ್ತು. ಬೋಲ್ಟ್ ಬಿಚ್ಚಿ ಸಿಲಿಂಡರನ್ನು ನೆಟ್ಟಗೆ ಹಿಡಿದು ಬೆರಳಲ್ಲಿ ತಟ್ಟಿದಾಗ 'ಗುಳುಕ್' ಎಂದು ಹೊರಬಂತು. ಅವತ್ತಿನಿಂದ ಪೆಡಲು ಕಲ್ಲಿನ ಹಾಗಿದೆ.

ಹೊಸ ಲೈನಿಂಗನ್ನು (ಡಿಸ್ಕಿಗೆ ಉಜ್ಜುವ ಪ್ಯಾಡಿನ ಪದರ) ಪಳಗಿಸುವ ವಿಧಾನ ಕೈಪಿಡಿಯಲ್ಲಿದೆ: ಹಗುರಾಗಿ ಬ್ರೇಕ್ ಹಿಡಿದೇ ಟ್ಯಾಕ್ಸಿ ಮಾಡಿ (ನೆಲದ ಮೇಲೆ ಓಡಿಸಿ) ಬಿಸಿ ಮಾಡುವುದು, ಆಮೇಲೆ ಪೂರ್ತಿ ಆರಲು ಬಿಡುವುದು. ಬೇಸರದ ಕೆಲಸ, ಆದರೆ ತಪ್ಪಿಸಬೇಡಿ. ಪಳಗಿಸಿದ ಮೇಲೆ 4000 ಆರ್‌ಪಿಎಮ್‌ನ ಇಗ್ನಿಷನ್ ಪರೀಕ್ಷೆಯಲ್ಲಿ (ಹಾರುವ ಮುನ್ನ ನಿಂತಲ್ಲೇ ಎಂಜಿನ್ ಓಡಿಸಿ ನೋಡುವುದು) ವಿಮಾನ ಒಂದಿಂಚೂ ಜರುಗಿಲ್ಲ. ಅದಕ್ಕೂ ಮೊದಲು ತೆವಳುತ್ತಿತ್ತು.

ಇನ್ನು ಎರಡನೇ ವರ್ಷದ ಕಥೆ. ಮೊದಲ ವರ್ಷ ಯಾವ ತಕರಾರೂ ಇರಲಿಲ್ಲ. ಆಮೇಲೊಂದು ದಿನ ಇಳಿದು ಟ್ಯಾಕ್ಸಿ ಮಾಡುವಾಗ ಎಂದಿಗಿಂತ ಹೆಚ್ಚು ಥ್ರಾಟಲ್ ಕೇಳಿತು. ಬಲಕ್ಕೆ ಎಳೆಯುತ್ತಿದೆ ಎನಿಸಿದರೂ ಗಾಳಿ ಇರಬೇಕು ಎಂದುಕೊಂಡೆ. ಹ್ಯಾಂಗರಿಗೆ ಬಂದು ಇಳಿದಾಗ ಸುಟ್ಟ ವಾಸನೆ. ಬಲ ಚಕ್ರದ ಕವಚ ತೆಗೆದರೆ ಡಿಸ್ಕಿನ ಅಂಚು ನವಿಲಿನ ಕತ್ತಿನ ಬಣ್ಣಕ್ಕೆ ತಿರುಗಿತ್ತು. ಜ್ಯಾಕ್ ಹಾಕಿ ಎತ್ತಿ ಕೈಯಲ್ಲಿ ತಿರುಗಿಸಲು ನೋಡಿದೆ, ಚಕ್ರ ಅಲ್ಲಾಡಲಿಲ್ಲ.

ಕ್ಯಾಲಿಪರಿನ ಪಿಸ್ಟನ್ ಸಿಕ್ಕಿಕೊಂಡಿದೆ ಎಂದು ತೀರ್ಮಾನಿಸಿ ಸ್ಪ್ಯಾನರ್ ಎತ್ತಿಕೊಂಡೆ. ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಹಿರಿಯ ಮೆಕ್ಯಾನಿಕ್ ಬಂದು, "ಸರ್, ಕ್ಯಾಲಿಪರ್ ಬಿಚ್ಚೋಕ್ ಮುಂಚೆ ನಿಪ್ಪಲ್ ಕಾಲು ಸುತ್ತು ಸಡ್ಲ ಮಾಡಿ" ಎಂದರು. ಮಾಡಿದೆ. 'ಪಿಚಕ್' ಎಂದು ಎಣ್ಣೆ ಚಿಮ್ಮಿತು, ಚಕ್ರ ಸರಾಗ ತಿರುಗಿತು. "ನಿಮ್ ಕ್ಯಾಲಿಪರ್ ಚೆನ್ನಾಗೇ ಇದೆ. ಬ್ರೇಕ್ ಹಿಡಿಯೋದು ದಿನಾ ನೋಡ್ತೀರಿ, ಬಿಡೋದನ್ನ ಯಾವತ್ತಾದ್ರೂ ನೋಡಿದೀರಾ?"

ನೋಡಿರಲಿಲ್ಲ. ಇಂಥ ಬ್ರೇಕಿನಲ್ಲಿ ಪ್ಯಾಡನ್ನು ಡಿಸ್ಕಿನಿಂದ ಹಿಂದಕ್ಕೆಳೆಯುವ ಸ್ಪ್ರಿಂಗು ಇಲ್ಲ. ಒತ್ತಡ ಸೊನ್ನೆಗೆ ಇಳಿದರಷ್ಟೇ ಪ್ಯಾಡು ಸಡಿಲವಾಗುತ್ತದೆ. ಒತ್ತಡ ಇಳಿಯಬೇಕಾದರೆ ಮಾಸ್ಟರ್ ಸಿಲಿಂಡರಿನ ದಂಡ ಪೂರ್ತಿ, ಅಂದರೆ ಕೊನೆಯ ಮಿಲಿಮೀಟರಿನವರೆಗೂ ಹೊರಬರಬೇಕು. ಆಗಲೇ ಒಳಗಿನ ಸಣ್ಣ ದಾರಿ ತೆರೆದು ಎಣ್ಣೆ ರಿಸರ್ವಾಯರಿಗೆ ಮರಳುತ್ತದೆ. ಆ ಕೊನೆಯ ಮಿಲಿಮೀಟರ್ ಸಿಗದಿದ್ದರೆ ದಾರಿ ಮುಚ್ಚಿಯೇ ಇರುತ್ತದೆ. ಟ್ಯಾಕ್ಸಿಯ ಬಿಸಿಗೆ ಎಣ್ಣೆ ಹಿಗ್ಗುತ್ತದೆ, ಹಿಗ್ಗಿದ ಎಣ್ಣೆಗೆ ಹೋಗಲು ಜಾಗವಿಲ್ಲ, ಅದು ಪ್ಯಾಡನ್ನು ಒತ್ತುತ್ತದೆ. ಬಿಸಿಯಾದಷ್ಟೂ ಹಿಡಿತ, ಹಿಡಿದಷ್ಟೂ ಬಿಸಿ.

ಮಿಲಿಮೀಟರ್ ತಿಂದದ್ದು ಯಾರು? ನಾನೇ ಹಾಕಿದ ಕಾರ್ಪೆಟ್. ಅದಕ್ಕೆ ತಿಂಗಳ ಹಿಂದೆ ಕಾಕ್‌ಪಿಟ್ ಅಂದವಾಗಿ ಕಾಣಲಿ ಎಂದು ನೆಲಕ್ಕೆ ಅಂಟಿಸಿದ್ದೆ. ಬಲ ಪೆಡಲಿನ ಕೆಳಗೆ ಅದರ ಅಂಚು ಮಡಿಸಿಕೊಂಡು ಎದ್ದಿತ್ತು. ಪೆಡಲಿನ ಕೆಳತುದಿ ಅದಕ್ಕೆ ತಾಗಿ ನಿಲ್ಲುತ್ತಿತ್ತು. ಬ್ಲೇಡಿನಲ್ಲಿ ಬೆರಳಗಲದ ಪಟ್ಟಿ ಕತ್ತರಿಸಿದ್ದಷ್ಟೇ ರಿಪೇರಿ. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ "ದಂಡ ಪೂರ್ತಿ ಹೊರಚಾಚಬೇಕು" ಎಂಬ ಮಾತು ಕೈಪಿಡಿಯ ಐದನೇ ಪುಟದಲ್ಲಿ ಬಣ್ಣ ಬಳಿಯುವ ಸೂಚನೆಯ ಕೆಳಗೆ ಒಂದೇ ಸಾಲಿನಲ್ಲಿತ್ತು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಇರಬೇಕಾದ ಸಾಲು ಅದು. ಕಂಪನಿಗೆ ಬರೆದೆ, "ಸಲಹೆಗೆ ಧನ್ಯವಾದ" ಎಂದು ಉತ್ತರ ಬಂತು. ಕೈಪಿಡಿ ಇವತ್ತಿಗೂ ಹಾಗೇ ಇದೆ.

ಆ ಡಿಸ್ಕನ್ನು ಬದಲಾಯಿಸಿದೆ. ಕಾದು ಬಟ್ಟಲಿನಂತೆ ತುಸು ಬಾಗಿತ್ತು. ಬಲ ಲೈನಿಂಗ್ 120 ಗಂಟೆಗೇ ಮುಗಿಯಿತು, ಎಡದ್ದು 190 ಗಂಟೆ ಬಂತು. ಕ್ಯಾಲಿಪರಿಗೆ ಹತ್ತಿರವಿದ್ದ ನೈಲಾನ್ ಟ್ಯೂಬು ಬಿಸಿಗೆ ಬಳುಕುವಷ್ಟು ಮೆತ್ತಗಾಗಿತ್ತು. ಕಿಟ್ಟಿನ ಮೇಲೆ ನನ್ನ ನಿಜವಾದ ದೂರು ಇದು. ಎಲ್ಲ ಬಿಟ್ಟು ಅತಿ ಬಿಸಿಯಾಗುವ ಜಾಗಕ್ಕೇ ಪ್ಲಾಸ್ಟಿಕ್ ಕೊಟ್ಟಿದ್ದಾರೆ. ಅಲ್ಲಿ ಈಗ ಸ್ಟೀಲ್ ಹೆಣಿಗೆಯ ಟೆಫ್ಲಾನ್ ಹೋಸ್ ಇದೆ. ಹೊಸದಾಗಿ ಹಾಕುವವರು ಮೊದಲ ದಿನವೇ ಅದನ್ನು ಹಾಕಿ.

ಅಂದಿನಿಂದ ಕಾಲಿನ ಅಭ್ಯಾಸವನ್ನೂ ಬದಲಿಸಿದೆ. ಹಿಮ್ಮಡಿ ನೆಲದ ಮೇಲೆ, ಬೇಕಾದಾಗ ಮಾತ್ರ ಬೆರಳು ಮೇಲಕ್ಕೆ, ಬ್ರೇಕ್ ಪೆಡಲಿನ ಮೇಲೆ. 50 ನಾಟಿನಲ್ಲಿ ಇಳಿದ ತಕ್ಷಣ ಬ್ರೇಕ್ ಒತ್ತುವ ಬದಲು 40ಕ್ಕೆ ಇಳಿಯಲು ಬಿಟ್ಟರೆ ಡಿಸ್ಕ್ ನುಂಗಬೇಕಾದ ಶಕ್ತಿಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಉಳಿತಾಯ, ವೇಗದ ವರ್ಗದ ಲೆಕ್ಕ ಅದು. ರನ್‌ವೇ ಉದ್ದವಿದ್ದರೆ ಗಾಳಿಯೇ ಪುಕ್ಕಟೆ ಬ್ರೇಕು.

ಉಳಿದ ನಿರ್ವಹಣೆ ದೊಡ್ಡದಲ್ಲ. ಕ್ಯಾಲಿಪರ್ ಜಾರುವ ಪಿನ್ನುಗಳಿಗೆ ಗ್ರೀಸ್ ಹಚ್ಚುವುದಿಲ್ಲ, ಧೂಳು ಹಿಡಿದು ಉಪ್ಪು ಕಾಗದವಾಗುತ್ತದೆ. ಒರೆಸಿ ಒಣ ಲೂಬ್ರಿಕೆಂಟ್ ಸಿಂಪಡಿಸುತ್ತೇನೆ. ಮಳೆಗಾಲದಲ್ಲಿ ಎರಡು ವಾರ ನಿಂತರೆ ಡಿಸ್ಕಿಗೆ ತುಕ್ಕಿನ ಪದರ ಬರುತ್ತದೆ, ಎರಡು ಸಲ ಹಿಡಿದರೆ ಹೋಗುತ್ತದೆ. ಹ್ಯಾಂಗರಿನಿಂದ ಹೊರಗೆ ತಳ್ಳುವ ಮುನ್ನ ಎರಡೂ ಪೆಡಲ್ ಒತ್ತಿ ಬಿಟ್ಟು, ದಂಡ ಪೂರ್ತಿ ಹೊರಗೆ ಬಂತೇ ಎಂದು ಬಗ್ಗಿ ನೋಡುತ್ತೇನೆ. ಸೊಂಟ ಗೊಣಗುತ್ತದೆ.

ಮತ್ತೆ ಕೊಳ್ಳುತ್ತೀರಾ ಎಂದರೆ, ಹೌದು, ಕ್ಯಾಲಿಪರು, ಡಿಸ್ಕು, ಸಿಲಿಂಡರುಗಳಿಗಾಗಿ. ಟ್ಯೂಬು ಬೇರೆ ಕಡೆಯಿಂದ ತರುತ್ತೇನೆ. ಐದಕ್ಕೆ ನಾಲ್ಕು ಸ್ಟಾರ್, ಕಳೆದ ಒಂದು ಕೈಪಿಡಿಗೆ. ಬಲ ಲೈನಿಂಗ್ ಈಗ 3 ಮಿ.ಮೀ.ಗೆ ಬಂದಿದೆ, ಕೈಪಿಡಿಯ ಕನಿಷ್ಠ ಮಿತಿ 2.5. ಹೊಸ ಜೋಡಿ ತರಿಸಿ ಇಟ್ಟಿದ್ದೇನೆ. ಲೈನಿಂಗನ್ನು ಪ್ಯಾಡಿಗೆ ಬಿಗಿಯುವ ರಿವೆಟ್ ತರಿಸುವಾಗ ಲೆಕ್ಕಕ್ಕಿಂತ ನಾಲ್ಕು ಹೆಚ್ಚಿಗೆ ತರಿಸಿ, ಎರಡಂತೂ ಬಾಗಿಯೇ ಬಾಗುತ್ತವೆ, ಒಂದು ಉರುಳಿ ಬೆಂಚಿನ ಕೆಳಗೆ ಹೋಗುತ್ತದೆ.